ತಂತಿ ಒಂದು, ನೆಲದ ಒಡೆಯರು ಹಲವರು

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಗೆ ಫೈಬರ್ ಇಂಟರ್ನೆಟ್ ಬರುತ್ತದೆಂದು ರಸ್ತೆ ಬದಿ ಅಗೆದು ಪೈಪು ಹಾಕಿ ವರ್ಷಗಳಾದವು. ಕಾಡಿನ ಅಂಚಿನವರೆಗೆ ಬಂದ ಕೆಲಸ ಅಲ್ಲೇ ನಿಂತಿದೆ. ವಿಚಾರಿಸಿದರೆ ‘ಪರ್ಮಿಷನ್ ಸಿಕ್ಕಿಲ್ಲ’ ಎನ್ನುತ್ತಾರೆ. ಯೋಜನೆ ಕೇಂದ್ರ ಸರ್ಕಾರದ್ದು, ದುಡ್ಡೂ ಅದರದ್ದೇ. ಸರ್ಕಾರದ ಕೆಲಸಕ್ಕೆ ಸರ್ಕಾರವೇ ಅನುಮತಿ ಕೊಡಬೇಕೇ? ಇಡೀ ದೇಶಕ್ಕೆ ಒಂದು ಜಾಲ ಕಟ್ಟುವಾಗ ಕಾನೂನು ಎಲ್ಲೆಲ್ಲಿ ಅಡ್ಡ ಬರುತ್ತದೆ?
– ಮಲೆನಾಡಿನ ಓದುಗರೊಬ್ಬರು

ಉತ್ತರ: ಕೊಡಬೇಕು. ಅದೂ ಒಂದೇ ಕಡೆಯಿಂದಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಅಂಚೆ, ತಂತಿ, ದೂರವಾಣಿ, ನಿಸ್ತಂತು, ಪ್ರಸಾರ ಇವೆಲ್ಲ ಕೇಂದ್ರ ಪಟ್ಟಿಯ 31ನೇ ನಮೂದಿನಲ್ಲಿವೆ. ಭೂಮಿ, ರಸ್ತೆ, ಸ್ಥಳೀಯ ಸಂಸ್ಥೆಗಳು ಮಾತ್ರ ರಾಜ್ಯ ಪಟ್ಟಿಯಲ್ಲಿವೆ. ಕೇಬಲಿನೊಳಗೆ ಏನು ಹರಿಯಬೇಕು, ಯಾರು ಹರಿಸಬೇಕು ಎಂದು ಕಾನೂನು ಮಾಡುವವರು ದೆಹಲಿಯಲ್ಲಿದ್ದಾರೆ. ಕೇಬಲನ್ನು ಹೂಳುವ ಮಣ್ಣಿಗೆ ಕಾನೂನು ಮಾಡುವವರು ಬೆಂಗಳೂರಿನಲ್ಲಿದ್ದಾರೆ. ಆ ಮಣ್ಣನ್ನು ದಿನವೂ ನೋಡಿಕೊಳ್ಳುವವರು ನಿಮ್ಮ ತಾಲ್ಲೂಕಿನಲ್ಲಿ, ನಿಮ್ಮ ಊರಿನಲ್ಲಿ ಇದ್ದಾರೆ. ತೊಡಕುಗಳ ಬಹುಪಾಲು ಹುಟ್ಟುವುದು ಈ ಹಂಚಿಕೆಯಿಂದಲೇ.

ಕಾಗದದ ಮೇಲೆ ಇದು ಸಣ್ಣದಾಗಿ ಕಾಣುತ್ತದೆ. ಒಂದು ಕೇಬಲಿನ ಜೊತೆ ನಡೆದು ನೋಡಿದರೆ ಅದರ ತೂಕ ತಿಳಿಯುತ್ತದೆ. ನಿಮ್ಮ ಪಂಚಾಯಿತಿಗೆ ಬರಬೇಕಾದ ಭಾರತ್‌ನೆಟ್ ಕೇಬಲ್ ಸಾಮಾನ್ಯವಾಗಿ ಹೊರಡುವುದು ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಹಳೆಯ ಫೈಬರಿನಲ್ಲಿ ಖಾಲಿ ಎಳೆಗಳಿರುವಷ್ಟು ದೂರ ಅವನ್ನೇ ಬಳಸಿ, ಅಲ್ಲಿಂದ ಮುಂದಕ್ಕೆ ಮಾತ್ರ ಹೊಸ ಕೇಬಲ್ ಹಾಕುವುದು ಮೊದಲ ಹಂತದ ಕ್ರಮವಾಗಿತ್ತು. ಹೊಸ ಕೇಬಲಿಗೆ 1.65 ಮೀಟರ್ ಆಳದ ಗುಂಡಿ ತೋಡಬೇಕು, ಅದರಲ್ಲಿ ಎಚ್‌ಡಿಪಿಇ ಪೈಪು ಇಳಿಸಿ ಮಣ್ಣು ಮುಚ್ಚಬೇಕು, ಆಮೇಲೆ ಗಾಳಿಯ ಒತ್ತಡದಲ್ಲಿ ಕೇಬಲನ್ನು ಪೈಪಿನೊಳಗೆ ನುಗ್ಗಿಸಬೇಕು. ನೀವು ಕಂಡಿರುವುದು ಪೈಪು ಮಾತ್ರ. ಮಧ್ಯೆ ಅರ್ಧ ಕಿಲೋಮೀಟರ್ ಬಾಕಿ ಉಳಿದರೂ ಆಚೆಯ ಪೈಪು ಬರೀ ಪೈಪಾಗಿಯೇ ಉಳಿಯುತ್ತದೆ.

ಈ ಗುಂಡಿ ಹದಿನೈದು ಕಿಲೋಮೀಟರ್ ಸಾಗಬೇಕು ಎಂದುಕೊಳ್ಳಿ. ಹೊರಡುವುದು ಪಟ್ಟಣ ಪಂಚಾಯಿತಿಯ ಬೀದಿಯಲ್ಲಿ. ಊರು ದಾಟಿದರೆ ರಾಷ್ಟ್ರೀಯ ಹೆದ್ದಾರಿಯ ಅಂಚು. ಅದು ಕೇಂದ್ರದ್ದೇ ಆದರೂ ಬೇರೆ ಸಚಿವಾಲಯದ್ದು, ಅದಕ್ಕೆ 2002ರ ಪ್ರತ್ಯೇಕ ಹೆದ್ದಾರಿ ನೆಲ ನಿಯಂತ್ರಣ ಕಾಯ್ದೆಯೇ ಇದೆ. ಮುಂದೆ ಜಿಲ್ಲಾ ಮುಖ್ಯರಸ್ತೆ, ಲೋಕೋಪಯೋಗಿ ಇಲಾಖೆಯ ಸುಪರ್ದಿ. ನಡುವೆ ಒಂದು ನಾಲೆ, ನೀರಾವರಿ ನಿಗಮದ್ದು. ರೈಲು ಹಳಿ ಅಡ್ಡ ಬಂದರೆ ರೈಲ್ವೆ ವಿಭಾಗದ ಒಪ್ಪಿಗೆ. ಕಂಬದ ಮೇಲೆ ಎಳೆಯುವುದಾದರೆ ವಿದ್ಯುತ್ ಕಂಪನಿ. ಆಮೇಲೆ ಕಾಡು. ಕಾಡು ದಾಟಿದರೆ ಗ್ರಾಮದ ರಸ್ತೆ, ಕೊನೆಗೆ ಯಾರದ್ದೋ ಅಡಿಕೆ ತೋಟದ ಬೇಲಿ. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ನಕ್ಷೆ, ಬೇರೆ ಠೇವಣಿ, ಬೇರೆ ಸಹಿ. ಇವುಗಳಲ್ಲಿ ಒಂದು ತಪ್ಪಿದರೂ ಉಳಿದವುಗಳಿಂದ ಪ್ರಯೋಜನವಿಲ್ಲ.

ಬ್ರಿಟಿಷರಿಗೆ ಈ ಗೊಡವೆ ಅಷ್ಟಾಗಿ ಇರಲಿಲ್ಲ. 1854ರಲ್ಲೇ ಒಂದು ತಂತಿ ಕಾಯ್ದೆ ಮಾಡಿಕೊಂಡಿದ್ದ ಅವರು 1885ರಲ್ಲಿ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂದರು. ಅದರ 10ನೇ ಕಲಮಿನ ಪ್ರಕಾರ ತಂತಿ ಪ್ರಾಧಿಕಾರ ಯಾರ ಸ್ಥಿರಾಸ್ತಿಯ ಮೇಲೆ, ಕೆಳಗೆ, ಅಡ್ಡಲಾಗಿ ಬೇಕಾದರೂ ತಂತಿ ಎಳೆಯಬಹುದು, ಕಂಬ ನೆಡಬಹುದು. ಜಮೀನಿನವರು ತಡೆದರೆ 16ನೇ ಕಲಮಿನಡಿ ಜಿಲ್ಲಾ ದಂಡಾಧಿಕಾರಿ ಅಡ್ಡಿ ತೆಗೆಸಬಹುದು. ಆದರೆ ಅದೇ 10ನೇ ಕಲಮಿನಲ್ಲಿ ನಾಲ್ಕು ಕಟ್ಟುಗಳೂ ಇವೆ. ತಂತಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ, ಒಡೆತನವಲ್ಲ. ಸ್ಥಳೀಯ ಸಂಸ್ಥೆಯ ಆಸ್ತಿಯಾದರೆ ಅದರ ಅನುಮತಿ ಬೇಕು. ಆದಷ್ಟು ಕಡಿಮೆ ಹಾನಿ ಮಾಡಬೇಕು. ಆದ ಹಾನಿಗೆ ಪೂರ್ಣ ಪರಿಹಾರ ಕೊಡಬೇಕು. ಪರಿಹಾರ ಸಾಲದು ಎಂದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಅದಕ್ಕೆಂದು ಬರೆದ ಈ ಸಾಲುಗಳು ಫೈಬರಿಗೂ ಅನ್ವಯಿಸುತ್ತಲೇ ಉಳಿದವು.

ಜಮೀನಿನವರ ವಿಷಯದಲ್ಲಿ ಈ ಅಧಿಕಾರ ಎಷ್ಟು ಗಟ್ಟಿ ಎಂಬುದು ವಿದ್ಯುತ್ ಮಾರ್ಗದ ಮೊಕದ್ದಮೆಯೊಂದರಲ್ಲಿ ಗೊತ್ತಾಯಿತು. ವಿದ್ಯುತ್ ಕಾಯ್ದೆಯ 164ನೇ ಕಲಮು ಇದೇ ಟೆಲಿಗ್ರಾಫ್ ಅಧಿಕಾರವನ್ನು ವಿದ್ಯುತ್ ಸಂಸ್ಥೆಗಳಿಗೂ ಕೊಡಲು ಅವಕಾಶ ಮಾಡಿದೆ. ಪವರ್‌ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಮಾರ್ಗ ಎಳೆಯಲು ಮಾಲೀಕರ ಮುಂಗಡ ಒಪ್ಪಿಗೆ ಅಗತ್ಯವಿಲ್ಲ, ಅವರಿಗಿರುವುದು ಪರಿಹಾರದ ಹಕ್ಕು ಎಂಬ ನಿಲುವು ತಳೆಯಿತು.

ಖಾಸಗಿ ಜಮೀನಿನವರನ್ನು ಹೀಗೆ ದಾಟಬಹುದಾದ ಕಾನೂನು ಸರ್ಕಾರಿ ಕಚೇರಿಯ ಮುಂದೆ ಮಾತ್ರ ಮೆತ್ತಗಾಗುತ್ತದೆ. ಕಾರಣ ಸರಳ. ರಸ್ತೆ ನೋಡಿಕೊಳ್ಳುವ ಸಹಾಯಕ ಎಂಜಿನಿಯರರ ಮೇಜಿನ ಮೇಲೆ ಒಂದು ಅರ್ಜಿ ಇದೆ ಎನ್ನಿ. ಸಹಿ ಹಾಕಿದರೆ ಮುಂದಿನ ಮಳೆಗಾಲದಲ್ಲಿ ರಸ್ತೆಯ ಅಂಚು ಕುಸಿಯಬಹುದು, ಬೈಕ್ ಸವಾರರು ಗುಂಡಿಗೆ ಬೀಳಬಹುದು, ಕುಡಿಯುವ ನೀರಿನ ಪೈಪು ಒಡೆಯಬಹುದು. ಆಗ ನೋಟಿಸ್ ಬರುವುದು ಅವರಿಗೆ. ಸಹಿ ಹಾಕದೆ ಕಡತವನ್ನು ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ. ಇಂಟರ್ನೆಟ್ ಬಾರದ್ದಕ್ಕೆ ಈ ದೇಶದಲ್ಲಿ ಯಾವ ಎಂಜಿನಿಯರರೂ ಅಮಾನತಾಗುವುದಿಲ್ಲ. ಹಾಗಾಗಿ ತಡ ಮಾಡುವುದು ಸೋಮಾರಿತನವೇ ಆಗಬೇಕಿಲ್ಲ, ಬಹಳ ಸಲ ಅದು ಲೆಕ್ಕಾಚಾರ. ಇದಕ್ಕೆ ಶುಲ್ಕದ ಆಸೆಯೂ ಸೇರಿತು. ಖಾಸಗಿ ಟೆಲಿಕಾಂ ಕಂಪನಿಗಳು ಬಂದ ಮೇಲೆ ರಸ್ತೆ ಅಗೆತದ ಶುಲ್ಕ ಊರಿಗೊಂದು ದರವಾಯಿತು. ನಗರ ಸಂಸ್ಥೆಗಳಿಗೆ ಅದೊಂದು ಆದಾಯದ ಬಾಬ್ತು. ಅನುಮತಿ ದುಬಾರಿಯಾದಲ್ಲಿ ಕೆಲವರು ಅನುಮತಿಯನ್ನೇ ಕೇಳದೆ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಕೇಬಲ್ ಎಳೆದರು. ಬೆಂಗಳೂರಿನ ಬೀದಿಗಳಲ್ಲಿ ತೂಗಾಡುವ ಕಪ್ಪು ಕೇಬಲಿನ ಗಂಟುಗಳಲ್ಲಿ ಈ ಕಥೆಯ ಒಂದು ಪಾಲು ಇದೆ.

ನಿಮ್ಮ ಊರಿನ ಯೋಜನೆ ಈ ಹಿನ್ನೆಲೆಯಲ್ಲಿ ಹುಟ್ಟಿದ್ದು. 2011ರ ಅಕ್ಟೋಬರ್ 25ರಂದು ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ, ಅಂದರೆ ಇಂದಿನ ಭಾರತ್‌ನೆಟ್‌ಗೆ, ಒಪ್ಪಿಗೆ ಕೊಟ್ಟಿತು. ಸುಮಾರು 20,000 ಕೋಟಿ ರೂಪಾಯಿ ಅಂದಾಜು, ಎರಡೂವರೆ ಲಕ್ಷ ಪಂಚಾಯಿತಿ, ಎರಡು ವರ್ಷದ ಗಡುವು. 2012ರಲ್ಲಿ ಭಾರತ್ ಬ್ರಾಡ್‌ಬ್ಯಾಂಡ್ ನೆಟ್‌ವರ್ಕ್ ಎಂಬ ಕಂಪನಿ ಹುಟ್ಟಿತು. ಬಿಎಸ್‌ಎನ್‌ಎಲ್, ರೈಲ್‌ಟೆಲ್, ಪವರ್‌ಗ್ರಿಡ್ ಕೆಲಸ ಹಂಚಿಕೊಂಡವು. ನೆಲದ ತಕರಾರು ಬಾರದಿರಲಿ ಎಂದು ಕೇಂದ್ರ, ರಾಜ್ಯ ಮತ್ತು ಈ ಕಂಪನಿಯ ನಡುವೆ ತ್ರಿಪಕ್ಷೀಯ ಒಪ್ಪಂದಗಳೂ ಆದವು. ಗುಂಡಿ ತೋಡಲು ರಾಜ್ಯಗಳು ಶುಲ್ಕ ಕೇಳುವುದಿಲ್ಲ ಎಂಬುದು ಅವುಗಳ ಮುಖ್ಯ ಮಾತು. ಶುಲ್ಕ ಬಿಟ್ಟರು ನಿಜ, ಆದರೆ ಸಹಿ ತಪ್ಪಲಿಲ್ಲ. ಒಪ್ಪಂದಕ್ಕೆ ರುಜು ಹಾಕಿದ್ದು ರಾಜಧಾನಿಯಲ್ಲಿ, ಗುಂಡಿಗೆ ಒಪ್ಪಿಗೆ ಕೊಡಬೇಕಾದದ್ದು ಉಪವಿಭಾಗದ ಕಚೇರಿಯಲ್ಲಿ. ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್ ಆಗಿತ್ತು. ಎಲ್ಲ ವಿಳಂಬವೂ ಅನುಮತಿಯಿಂದ ಆದದ್ದಲ್ಲ. ಟೆಂಡರ್, ಸಲಕರಣೆ, ನಿರ್ವಹಣೆ ಇವೂ ಕಾಡಿದವು.

ಶುಲ್ಕ ಮತ್ತು ಗಡುವಿಗೆ ದೇಶಕ್ಕೆಲ್ಲ ಒಂದು ಅಳತೆ ಬಂದದ್ದು 2016ರ ನವೆಂಬರಿನಲ್ಲಿ, ಇಂಡಿಯನ್ ಟೆಲಿಗ್ರಾಫ್ ರೈಟ್ ಆಫ್ ವೇ (ನೆಲ ಬಳಸುವ ಹಕ್ಕು) ನಿಯಮಗಳ ಮೂಲಕ. ನೆಲದಡಿಯ ಕೇಬಲಿಗೆ ಆಡಳಿತ ಶುಲ್ಕ ಕಿಲೋಮೀಟರಿಗೆ ಹೆಚ್ಚೆಂದರೆ 1,000 ರೂಪಾಯಿ ಎಂದಾಯಿತು. ರಸ್ತೆ ದುರಸ್ತಿಗೆ ಪ್ರತ್ಯೇಕ ವೆಚ್ಚ ಅಥವಾ ಬ್ಯಾಂಕ್ ಗ್ಯಾರಂಟಿ. ಅರ್ಜಿ ತಿರಸ್ಕರಿಸುವುದಾದರೆ ಅರ್ಜಿದಾರರ ಅಹವಾಲು ಕೇಳಿ, ಕಾರಣ ಬರೆಯಬೇಕಿತ್ತು. 60 ದಿನಗಳಲ್ಲಿ ಏನೂ ಹೇಳದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಭಾವಿಸಬೇಕಿತ್ತು. ಇವುಗಳಲ್ಲಿ ಹೆಚ್ಚು ತೂಕದ್ದು ಈ ಕೊನೆಯದು. ಅಲ್ಲಿಯವರೆಗೆ ಸುಮ್ಮನಿರುವುದು ಅಧಿಕಾರಿಗೆ ಕ್ಷೇಮವಾಗಿತ್ತು. ಈ ನಿಯಮ ಬಂದ ಮೇಲೆ ಸುಮ್ಮನಿದ್ದರೆ ಅನುಮತಿ ತಾನಾಗಿಯೇ ಸಿಕ್ಕಿಬಿಡುವಂತಾಯಿತು. 2022ರ ಮೇ ತಿಂಗಳಲ್ಲಿ ಗತಿಶಕ್ತಿ ಸಂಚಾರ್ ಪೋರ್ಟಲ್ ಬಂದು, ಯಾವ ಅರ್ಜಿ ಯಾರ ಬಳಿ ಎಷ್ಟು ದಿನದಿಂದ ಇದೆ ಎಂದು ನೋಡುವ ವ್ಯವಸ್ಥೆಯೂ ಆಯಿತು.

ನಿಮ್ಮ ಪೈಪು ಮತ್ತೂ ಕಾಡಿನಂಚಿನಲ್ಲೇ ನಿಂತಿರುವುದೇಕೆ? ಟೆಲಿಗ್ರಾಫ್ ಕಾನೂನಿನ ‘ಸಿಕ್ಕಿದೆ ಎಂದು ಭಾವಿಸುವ ಅನುಮತಿ’ ಅರಣ್ಯ ಕಾನೂನಿನ ಗೇಟಿನಲ್ಲಿ ನಡೆಯುವುದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಪೂರ್ವಾನುಮತಿ ಬೇಕು. ಯಾವುದು ಅರಣ್ಯ ಎಂಬುದಕ್ಕೆ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ವಿಶಾಲ ಅರ್ಥ ಕೊಟ್ಟಿತು. ಒಡೆತನ ಯಾರದ್ದೇ ಇರಲಿ, ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದಿದ್ದರೆ ಅದು ಅರಣ್ಯ. ಮಲೆನಾಡಿನಲ್ಲಿ ಇದರ ಫಲ ನಿಮಗೇ ಗೊತ್ತು. ಡಾಂಬರು ಲೋಕೋಪಯೋಗಿ ಇಲಾಖೆಯದ್ದು, ಡಾಂಬರಿನಿಂದ ಎರಡು ಮಾರು ಆಚೆಯ ಮಣ್ಣು ದಾಖಲೆಯಲ್ಲಿ ಮೀಸಲು ಅರಣ್ಯವಾಗಿರಬಹುದು. ಗುಂಡಿ ತೋಡಬೇಕಾದದ್ದು ಆ ಎರಡು ಮಾರಿನಲ್ಲಿ.

ಅಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ರಸ್ತೆಯ ಮಿತಿಯೊಳಗೆ, ಮರ ಕಡಿಯದೆ, 2 ಮೀಟರ್ ಆಳ ಮತ್ತು 1 ಮೀಟರ್ ಅಗಲ ಮೀರದ ಗುಂಡಿಯಲ್ಲಿ ಫೈಬರ್ ಹೂಳಲು ಕೇಂದ್ರ ಪರಿಸರ ಸಚಿವಾಲಯ ಸಾಮಾನ್ಯ ಅನುಮೋದನೆ ಕೊಟ್ಟಿದೆ. ಅಂಥ ಕಡೆ ಪ್ರತಿ ಗುಂಡಿಗೂ ದೆಹಲಿಗೆ ಕಡತ ಹೋಗಬೇಕಿಲ್ಲ. ರಾಷ್ಟ್ರೀಯ ಉದ್ಯಾನ ಅಥವಾ ಅಭಯಾರಣ್ಯವಾದರೆ ಈ ಸಡಿಲಿಕೆ ಇಲ್ಲ. ಅಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದು ಕೂರುತ್ತದೆ, ಕಡತ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯವರೆಗೂ ಹೋಗಬೇಕಾಗಬಹುದು. ಕುದುರೆಮುಖ, ಮೂಕಾಂಬಿಕಾ, ಸೋಮೇಶ್ವರ ಸುತ್ತಲಿನ ಊರುಗಳ ಪಾಡು ಉಳಿದ ಮಲೆನಾಡಿಗಿಂತ ಬೇರೆಯಾಗುವುದು ಇಲ್ಲಿಯೇ.

ಹೆಚ್ಚಿನವರು ಗಮನಿಸದ ಇನ್ನೊಂದು ದಾರಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. ಅದರ 3(2)ನೇ ಕಲಮು ಶಾಲೆ, ಅಂಗನವಾಡಿ, ರಸ್ತೆ ಸೇರಿ 13 ಬಗೆಯ ಸರ್ಕಾರಿ ಸೌಲಭ್ಯಗಳಿಗೆ ಅರಣ್ಯಭೂಮಿ ಬಳಸಲು ಅವಕಾಶ ಕೊಡುತ್ತದೆ. ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳು ಆ ಪಟ್ಟಿಯಲ್ಲಿ ಹೆಸರಿಸಿಯೇ ಇವೆ. ಷರತ್ತುಗಳು ಇಷ್ಟು: ಪ್ರತಿ ಸೌಲಭ್ಯಕ್ಕೆ ಬಳಸುವ ಭೂಮಿ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯಬಾರದು, ಗ್ರಾಮಸಭೆ ಶಿಫಾರಸು ಮಾಡಬೇಕು. ಲೆಕ್ಕ ಹಾಕಿ ನೋಡಿ. ಒಂದು ಮೀಟರ್ ಅಗಲದ ಗುಂಡಿ ಹತ್ತು ಕಿಲೋಮೀಟರ್ ಹೋದಾಗ ಒಂದು ಹೆಕ್ಟೇರ್ ಆಗುತ್ತದೆ. ಫೈಬರಿನ ಗುಂಡಿಗೆ ಅಷ್ಟು ಅಗಲವೂ ಬೇಡ.

ಇಷ್ಟೆಲ್ಲ ನೆಲದ ಮಾತು. ಗಾಳಿಯ ಮೇಲಿನ ಜಗಳದ ಸ್ವರೂಪವೇ ಬೇರೆ. ತರಂಗಾಂತರ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು, ಅದನ್ನು ಜನರ ಪರವಾಗಿ ನಿರ್ವಹಿಸುವುದು ಕೇಂದ್ರ ಒಂದೇ. ಹಾಗಾಗಿ ಅಲ್ಲಿ ಪ್ರಶ್ನೆ ಅನುಮತಿ ಯಾರದ್ದು ಎಂದಲ್ಲ, ಬೆಲೆ ಎಷ್ಟು, ಹಂಚಿಕೆ ನ್ಯಾಯವೇ ಎಂದು. 2012ರ ಫೆಬ್ರುವರಿ 2ರಂದು 122 ಪರವಾನಗಿಗಳು ರದ್ದಾದದ್ದೂ, 2019ರ ಅಕ್ಟೋಬರಿನಲ್ಲಿ ಕಂಪನಿಗಳ ಆದಾಯದ ಲೆಕ್ಕದ ಬಗ್ಗೆ ಬಂದ ತೀರ್ಪೂ ಈ ಜಾತಿಯವು.

ಟವರುಗಳದು ನೆಲ, ಗಾಳಿ ಎರಡರ ವ್ಯಾಜ್ಯ. ಮೊದಲನೆಯದು ತೆರಿಗೆಯದ್ದು. ಅಹಮದಾಬಾದ್ ಮಹಾನಗರ ಪಾಲಿಕೆ ಮತ್ತು ಜಿಟಿಎಲ್ ಇನ್‌ಫ್ರಾಸ್ಟ್ರಕ್ಚರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ, ಮೊಬೈಲ್ ಟವರ್ ‘ಕಟ್ಟಡ’ದ ವ್ಯಾಪ್ತಿಗೆ ಬರುತ್ತದೆ, ರಾಜ್ಯಗಳು ಅದಕ್ಕೆ ಆಸ್ತಿ ತೆರಿಗೆ ಹಾಕಬಹುದು ಎಂದಿತು. ಅದೇ ಕೋರ್ಟು 2024ರ ನವೆಂಬರಿನಲ್ಲಿ, ಕೇಂದ್ರ ತೆರಿಗೆಯ ಕ್ರೆಡಿಟ್ ಪಡೆಯುವ ಪ್ರಶ್ನೆ ಬಂದಾಗ, ಟವರ್ ಬಿಚ್ಚಿ ಸಾಗಿಸಬಹುದಾದ ಚರ ವಸ್ತು ಎಂದಿತು. ಕಾನೂನಿನಲ್ಲಿ ಇದು ವಿರೋಧವಲ್ಲ, ಎರಡು ಕಾಯ್ದೆಗಳ ಉದ್ದೇಶ ಬೇರೆ. ಪಂಚಾಯಿತಿಯ ತೆರಿಗೆ ವಸೂಲಿಗಾರರಿಗೆ ಮಾತ್ರ ತಲೆನೋವು ತಪ್ಪಿದ್ದಲ್ಲ. ಎರಡನೆಯದು ಆರೋಗ್ಯದ ಅಂಜಿಕೆ. 2012ರ ಸೆಪ್ಟೆಂಬರ್ 1ರಿಂದ ಭಾರತ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಾನದಂಡದ ಹತ್ತನೇ ಒಂದು ಭಾಗಕ್ಕೆ ಇಳಿಸಿದೆ. ಆದರೂ ಮನೆಯ ಹತ್ತಿರ ಟವರ್ ಬೇಡ ಎಂಬ ಅರ್ಜಿಗಳು ಹೈಕೋರ್ಟುಗಳಿಗೆ ಬರುತ್ತಲೇ ಇವೆ.

1885ರ ಆ ಹಳೆಯ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆಂದು ಸಂಸತ್ತು 2023ರ ಡಿಸೆಂಬರಿನಲ್ಲಿ ದೂರಸಂಪರ್ಕ ಕಾಯ್ದೆ ಮಾಡಿತು. ನೆಲದ ಹಕ್ಕಿನ ಅಧ್ಯಾಯ 2024ರ ಜೂನ್ 26ರಿಂದ ಜಾರಿಯಲ್ಲಿದೆ, ಅದರಡಿ ಹೊಸ ರೈಟ್ ಆಫ್ ವೇ ನಿಯಮಗಳು 2025ರ ಜನವರಿ 1ರಿಂದ ನಡೆಯುತ್ತಿವೆ. ಸಾರ್ವಜನಿಕ ಆಸ್ತಿಯಾದರೆ ಗಡುವಿನೊಳಗೆ ಅನುಮತಿ ಕೊಡಬೇಕು, ಇಲ್ಲವೆಂದರೆ ಕಾರಣ ಬರೆದುಕೊಡಬೇಕು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬೇಡವೆನ್ನುವಂತಿಲ್ಲ. ಖಾಸಗಿ ಆಸ್ತಿಯಾದರೆ ಮೊದಲು ಮಾತುಕತೆ, ಒಪ್ಪಂದ. ಅದು ಕುದುರದೆ, ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕೇಂದ್ರ ತೀರ್ಮಾನಿಸಿದರೆ ಮಾತ್ರ ಆ ಹಕ್ಕನ್ನು ಪಡೆದುಕೊಳ್ಳಬಹುದು. ಜಗಳ ಬಂದರೆ ಜಿಲ್ಲಾ ದಂಡಾಧಿಕಾರಿ, ಪರಿಹಾರದ ಮೊತ್ತಕ್ಕಾದರೆ ಜಿಲ್ಲಾ ನ್ಯಾಯಾಧೀಶರು. ಅಳವಡಿಸಿದ ಜಾಲವನ್ನು ಆ ಆಸ್ತಿಯ ಭಾಗವೆಂದು ಆಸ್ತಿ ತೆರಿಗೆಗೂ ಪರಿಗಣಿಸಬಾರದು ಎಂದೂ ಈ ಕಾಯ್ದೆ ಹೇಳುತ್ತದೆ. ಆದರೆ ಭೂಮಿ ಮತ್ತು ಕಟ್ಟಡದ ತೆರಿಗೆ ಸಂವಿಧಾನದಲ್ಲಿ ರಾಜ್ಯದ ಬಾಬ್ತು. ಗೆರೆ ಎಲ್ಲಿ ಬೀಳುತ್ತದೆ ಎಂದು ಹೇಳಬೇಕಾದವರು ನ್ಯಾಯಾಧೀಶರು.

ನಮ್ಮದೇ ಅಧ್ವಾನ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾ ತನ್ನ 1997ರ ದೂರಸಂಪರ್ಕ ಕಾಯ್ದೆಯಲ್ಲಿ, ಸಣ್ಣ ಪ್ರಮಾಣದ ಸಲಕರಣೆಗಳಿಗೆ ಸ್ಥಳೀಯ ಕೌನ್ಸಿಲಿನ ಅನುಮತಿಯೇ ಬೇಡವೆಂದು ಪಟ್ಟಿ ಮಾಡಿಕೊಳ್ಳುವ ದಾರಿ ಹಿಡಿಯಿತು. ಅಮೆರಿಕ 1978ರಲ್ಲೇ ವಿದ್ಯುತ್ ಕಂಬಕ್ಕೆ ಕೇಬಲ್ ಕಟ್ಟುವ ಬಾಡಿಗೆಗೆ ಕಾನೂನು ಮಾಡಿತು. ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರ ಹಂಚಿಕೆಯಾಗಿರುವ ಕಡೆ ಈ ಗುದ್ದಾಟ ಇದ್ದದ್ದೇ.

ಅನುಮತಿಯ ಅನಿಶ್ಚಿತತೆ ಗುತ್ತಿಗೆಗೂ ತಗಲುತ್ತದೆ. ರಸ್ತೆ ಅಗೆಯಲು ಒಪ್ಪಿಗೆ ತಡವಾದರೆ ದಂಡ ಯಾರ ತಲೆಗೆ ಎಂಬುದು ಪ್ರತಿ ಟೆಂಡರಿನ ತಕರಾರು. 2021ರ ಜೂನಿನಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಿಗೆ ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ಭಾರತ್‌ನೆಟ್ ಕಟ್ಟಲು 19,041 ಕೋಟಿ ರೂಪಾಯಿಯ ನೆರವಿಗೆ ಸಂಪುಟ ಒಪ್ಪಿತ್ತು. ಆ ಪ್ರಯತ್ನ ಕೈಗೂಡಲಿಲ್ಲ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಇಂದು ಎರಡು ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ‘ಸೇವೆಗೆ ಸಿದ್ಧ’ ಎಂಬ ಪಟ್ಟಿಯಲ್ಲಿವೆ. ಸಿದ್ಧ ಎಂದರೆ ದೀಪ ಉರಿಯುತ್ತಿದೆ ಎಂದೇ ಅರ್ಥವಲ್ಲ. ಹೂತ ಕೇಬಲನ್ನು ಮುಂದಿನ ವರ್ಷ ನೀರಿನ ಪೈಪಿನ ಜೆಸಿಬಿ ಕತ್ತರಿಸುತ್ತದೆ. ಅಗೆಯುವ ಮುನ್ನ ಯಾರ ಕೇಬಲ್ ಎಲ್ಲಿದೆ ಎಂದು ತಿಳಿಸಲು 2023ರ ಮಾರ್ಚಿನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಂತು. ಜೆಸಿಬಿ ಓಡಿಸುವವರ ಕೈಗೆ ಅದು ತಲುಪಿದರೆ ಮಾತ್ರ ಪ್ರಯೋಜನ.

ನನ್ನ ಅಭಿಪ್ರಾಯ ಇಷ್ಟು. ಅನುಮತಿಗೆ ಗಡುವು ಹಾಕಿದ್ದು ಸರಿ, ಇನ್ನೂ ಮೊದಲೇ ಹಾಕಬೇಕಿತ್ತು. ಆದರೆ ಕಂಪನಿಗೆ ಸಿಗುವ ಅನುಮತಿಗಿರುವ ಗಡಿಯಾರ ಊರಿಗೆ ಸಿಗಬೇಕಾದ ದುರಸ್ತಿಗೂ, ತೋಟದವರಿಗೆ ಸಿಗಬೇಕಾದ ಪರಿಹಾರಕ್ಕೂ ಅಷ್ಟೇ ಬಿಗಿಯಾಗಿ ಓಡಬೇಕು. ಅದು ಓಡದ ಊರಿನಲ್ಲಿ ಮುಂದಿನ ಕೇಬಲಿಗೆ ಜನರೇ ಅಡ್ಡ ನಿಲ್ಲುತ್ತಾರೆ, ಅವರನ್ನು ತಪ್ಪು ಎನ್ನಲಾಗದು.

ನೀವು ಮಾಡಬಹುದಾದ ಕೆಲಸಗಳು ಮೂರು. ಒಂದು, ನಿಮ್ಮ ಪಂಚಾಯಿತಿ ಮಾರ್ಗದ ಅನುಮತಿ ಅರ್ಜಿ ಯಾವ ಕಚೇರಿಯಲ್ಲಿ, ಯಾವ ದಿನಾಂಕದಿಂದ ಇದೆ, ತಿರಸ್ಕರಿಸಿದ್ದರೆ ಬರೆದ ಕಾರಣವೇನು ಎಂದು ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ‘ಪರ್ಮಿಷನ್ ಸಿಕ್ಕಿಲ್ಲ’ ಎನ್ನುವವರಲ್ಲಿ ಕೆಲವರು ಅರ್ಜಿಯನ್ನೇ ಹಾಕಿರುವುದಿಲ್ಲ. ಎರಡು, ಕೇಬಲಿನ ದಾರಿ ಅಭಯಾರಣ್ಯದಲ್ಲಿದೆಯೋ ಬರೀ ಮೀಸಲು ಅರಣ್ಯದಲ್ಲಿದೆಯೋ ತಿಳಿದುಕೊಳ್ಳಿ, ಮುಂದಿನ ದಾರಿ ನಿಂತಿರುವುದು ಅದರ ಮೇಲೆ. ಮೂರು, ಅಭಯಾರಣ್ಯ ಅಲ್ಲವೆಂದಾದರೆ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಡಿ ಶಿಫಾರಸು ಮಾಡುವ ಅಧಿಕಾರ ನಿಮ್ಮ ಗ್ರಾಮಸಭೆಗೇ ಇದೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ ಎಂದು ಪಿಡಿಒ ಅವರಿಗೆ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ.